ಕಸ್ತೂರೆವ್ವನ ಕೊರಳಲ್ಲಿದ್ದ ಟೇಪು

ನಾನು ಬಟ್ಟೆ ಅಳೆಯುವ ಒಂದು ಟೇಪು. ಹಳದಿ ಮೈ, ಎರಡು ತುದಿಗೂ ಹಿತ್ತಾಳೆಯ ತಗಡು. ಯಾವುದೋ ಕಾರ್ಖಾನೆಯಲ್ಲಿ ಮೈಮೇಲೆ ಅಂಕಿಗಳನ್ನು ಒತ್ತಿ, ಸುರುಳಿ ಸುತ್ತಿ, ಡಬ್ಬಿಯಲ್ಲಿ ತುಂಬಿ ನನ್ನನ್ನು ಗದಗಿಗೆ ಕಳಿಸಿದರು. ದಾರ, ಗುಂಡಿ ಮಾರುವ ಅಂಗಡಿಯಿಂದ ನನ್ನನ್ನು ಕೊಂಡವಳು ಬೆಟಗೇರಿಯ ಕಸ್ತೂರೆವ್ವ. ಅಂದಿನಿಂದ ಅವಳ ಕೊರಳೇ ನನ್ನ ಮನೆ.

ಅವಳು ಓಣಿಯ ಹೆಂಗಸರಿಗೆ ಕುಪ್ಪಸ, ಮಕ್ಕಳಿಗೆ ಲಂಗ ಹೊಲಿಯುತ್ತಿದ್ದಳು. ಬೆಳೆಯುವ ಹುಡುಗಿಯರ ಬಟ್ಟೆಯಾದರೆ ಕೇಳದೆಯೇ ಒಳಗೆ ಅಂಚು ಮಡಚಿ ಬಿಡುತ್ತಿದ್ದಳು, ಮುಂದಿನ ವರ್ಷ ಬಿಚ್ಚಿಕೊಳ್ಳಲಿ ಎಂದು. ಚಳಿಗಾಲದಲ್ಲಿ ಅಳತೆ ತೆಗೆಯುವ ಮೊದಲು ನನ್ನ ಹಿತ್ತಾಳೆಯ ತುದಿಯನ್ನು ಅಂಗೈಯಲ್ಲಿ ಬಿಸಿ ಮಾಡುತ್ತಿದ್ದಳು. ತಣ್ಣನೆಯ ಲೋಹ ತಾಗಿ ಯಾರೂ ಬೆಚ್ಚಬಾರದು.

ಅವಳ ಗಂಡ ಪರಪ್ಪನಿಗೆ ಮನೆಗೆ ಮಂದಿ ಬರುವುದೇ ಆಗದು. "ಊರ ಮಂದೀನೆಲ್ಲಾ ಅಳೀತಿ, ನಿನ್ನ ನಾಲಿಗಿ ಎಷ್ಟುದ್ದ ಐತಿ ಅಳದೀ ಏನ?" ಎಂದು ಹಂಗಿಸುವನು. ಒಂದು ದಿನ ನನ್ನನ್ನು ಅವಳ ಕೊರಳಿಂದ ಕಿತ್ತು, ನನ್ನಿಂದಲೇ ಅವಳ ಮುಖಕ್ಕೆ ಬಾರಿಸಿದ. ಕೆನ್ನೆ ಸೀಳಿತು. ಅವಳು ನನ್ನನ್ನು ತೊಳೆದು, ಒರೆಸಿ, ಮತ್ತೆ ಕೊರಳಿಗೆ ಹಾಕಿಕೊಂಡಳು. ಅವಳು ಅವನನ್ನು ಕ್ಷಮಿಸಿದಳೇನೋ. ನಾನು ಕ್ಷಮಿಸಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಅವಳು ನನ್ನನ್ನು ಯಂತ್ರದ ಮೇಲಿಟ್ಟು ಹೊಲಿಯುತ್ತಿದ್ದಳು. ಅವನು ಹಿಂದಿನಿಂದ ಬಂದು ಮಸಾಲೆ ಅರೆಯುವ ಗುಂಡುಕಲ್ಲಿನಿಂದ ಅವಳ ತಲೆಗೆ ಹೊಡೆದ. ಅವಳು ಮತ್ತೆ ಏಳಲಿಲ್ಲ. ಅವನು ಬಾಗಿಲಿಗೆ ಓಡಿ, "ನಾಗಂದಿಗಿ ಮ್ಯಾಲಿನ ಕಲ್ಲು ಬಿತ್ರ್ಯೋ!" ಎಂದು ಬಾಯಿ ಬಡಿದುಕೊಂಡ. ನಾಗಂದಿಗೆಯೆಂದರೆ ಗೋಡೆಗೆ ತಲೆಗಿಂತ ಎತ್ತರದಲ್ಲಿ ಬಡಿದ ಹಲಗೆ.

ಮೊದಲು ಓಡಿಬಂದವಳು ಪಕ್ಕದ ಮನೆಯ ಗುರುಬಸವ್ವ. ಅತ್ತಳು, ಗೆಳತಿಯ ಕಣ್ಣು ಮುಚ್ಚಿಸಿದಳು. ಆಮೇಲೆ ಸಾವಿನ ಮನೆಯಲ್ಲಿ ನೆರೆಯವರು ಮಾಡುವುದನ್ನೇ ಮಾಡಿದಳು. ಹೆಣ ಮಲಗಿಸಲು, ಮಂದಿ ಕೂರಲು ಜಾಗ ಬೇಕೆಂದು ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ನೆಲ ತೊಳೆದಳು. ಯಂತ್ರ ಹೋಗಿ ನಿಂತದ್ದು ನಾಗಂದಿಗೆಯ ಕೆಳಗೆ, ಪರಪ್ಪನ ಸುಳ್ಳಿಗೆ ಬೇಕಾದ ಜಾಗದಲ್ಲೇ.

ಪೊಲೀಸರು ಬಂದರು. ಇನ್‌ಸ್ಪೆಕ್ಟರ್ ಫರೀದಾ ಮೇಡಂ ಫೋಟೊ ತೆಗೆಸಿ, ಸ್ಥಳದ ನಕ್ಷೆ ಬರೆಯಲು ಕುಳಿತರು. ಅವರ ಉಕ್ಕಿನ ಟೇಪು ತುಕ್ಕು ಹಿಡಿದು ಹೊರಗೇ ಬರಲಿಲ್ಲ. ನನ್ನನ್ನು ಕಂಡು, ಹೆಣದ ಕಡೆ ತಿರುಗಿ, "ಅಕ್ಕಾ, ನಿನ್ನ ಟೇಪು ತೊಗೋತೀನಿ" ಎಂದು ಮೆಲ್ಲಗೆ ಹೇಳಿ ಕೈಗೆತ್ತಿಕೊಂಡರು.

ಬಾಗಿಲು, ಗೋಡೆ, ಹಲಗೆ ಎಲ್ಲವನ್ನೂ ಅಳೆದರು. ಕಾಗದದಲ್ಲಿ ನಾಗಂದಿಗೆಯ ಕೆಳಗೇ ಯಂತ್ರದ ಗುರುತು ಬಿತ್ತು. ಆ ನಕ್ಷೆ ಹಾಗೆಯೇ ಕೋರ್ಟಿಗೆ ಹೋದರೆ ಅವನು ಪಾರು. ಅದೂ ನನ್ನ ಮೈಮೇಲಿನ ಅಂಕಿಗಳಿಂದ.

ಕೋಣೆಯ ನಡುವೆ ನನ್ನನ್ನು ಗಾರೆ ನೆಲಕ್ಕೆ ಹಾಸಿದಾಗ ನನ್ನ ತುದಿ ಒಂದು ಗುಳಿಗೆ ಇಳಿಯಿತು. ಮೇಡಂ ಬೆರಳಾಡಿಸಿದರು. ಸುತ್ತ ಇನ್ನೂ ಮೂರು ಗುಳಿ. ಯಂತ್ರದ ಕಬ್ಬಿಣದ ಕಾಲುಗಳು ವರ್ಷಗಟ್ಟಲೆ ನಿಂತು ಕೊರೆದ ಗುಳಿಗಳವು. ನೇರ ಮೇಲೆ ಮಾಳಿಗೆಯ ಬೆಳಕಿಂಡಿ.

"ಮಷೀನ್ ಯಾರು ಸರಿಸಿದ್ರಿ?"

ಗುರುಬಸವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನ ರೀ ಮೇಡಂ. ಆಕಿ ಬೆಳಕಿಂಡಿ ಬುಡಕ ಕುಂತು ಹೊಲೀತಿದ್ಲರಿ. ಮಲಗಸಾಕ ಜಾಗಾ ಸಾಲಲಿಲ್ಲಂತ ಸರಿಸಿದ್ನಿ. ತಪ್ಪಾತೇನ್ರಿ?"

"ತಪ್ಪಾತವ್ವಾ. ಆದ್ರ ಖರೇ ಹೇಳಿದ್ರಲ್ಲಾ, ಅದ ಚಲೋ ಆತು."

ಗುಳಿಗಳಿಂದ ನಾಗಂದಿಗೆಯ ನೇರಕ್ಕೆ ನನ್ನನ್ನು ಎಳೆದರು. ನನ್ನ ಉದ್ದ ಸಾಲದೆ ಎರಡು ಸಲ ಹಿಡಿಯಬೇಕಾಯಿತು. ನಾನು ಸುಕ್ಕಿಲ್ಲದಂತೆ ಬಿಗಿದು ನಿಂತೆ.

ಬಾಗಿಲಲ್ಲಿದ್ದ ಪರಪ್ಪ, "ಕಲ್ಲು ಉರುಳಿ ಬಂದಿರಬೇಕ್ರಿ" ಎಂದ.

"ಉರುಳಿ ಬಂದು ನೆತ್ತಿ ಮ್ಯಾಲೆ ಹತ್ತಿತೇನಪಾ? ಗುಂಡುಕಲ್ಲಿಗೆ ರೆಕ್ಕಿ ಇದ್ವೇನು?"

ಮೇಡಂ ನಕ್ಷೆಯನ್ನು ಹರಿಯಲಿಲ್ಲ. ಯಂತ್ರ ಈಗಿದ್ದ ಜಾಗವನ್ನು ಚುಕ್ಕಿಗೆರೆಯಲ್ಲಿ ತೋರಿಸಿ, ಮೊದಲಿದ್ದ ಜಾಗವನ್ನು ಗಟ್ಟಿಗೆರೆಯಲ್ಲಿ ಬರೆದು, ಉತ್ತರ ದಿಕ್ಕಿಗೆ ಬಾಣ ಹಾಕಿ, ಸಾಕ್ಷಿಗೆಂದು ಕರೆಸಿದ್ದ ಪಂಚರ ಸಹಿ ಮಾಡಿಸಿದರು. ನನಗೆ ಆ ಒಂದೊಂದು ಗೆರೆಯೂ ಅವನ ಕೈಗೆ ಸುತ್ತುವ ಹಗ್ಗದಂತೆ ಕಂಡಿತು.

ನನಗೂ ಚೀಟಿ ಅಂಟಿಸಿ, ಮೊಹರು ಮಾಡಿ ಕೋರ್ಟಿಗೆ ಒಯ್ದರು. ಗುರುಬಸವ್ವ ಕಟಕಟೆಯಲ್ಲಿ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು. ಪರಪ್ಪನ ವಕೀಲರು ನನ್ನನ್ನು ಎತ್ತಿ ಹಿಡಿದು ನಕ್ಕರು. "ಸ್ವಾಮಿ, ಇದು ಹಳೇ ಬಟ್ಟೆ ಟೇಪು. ಎಳೆದೆಳೆದು ಹಿಗ್ಗಿದೆ. ಇದರ ಅಳತೆ ನಂಬೋದು ಹೇಗೆ?"

ನ್ಯಾಯಾಧೀಶರು ಕನ್ನಡಕ ತೆಗೆದರು. "ವಕೀಲರೇ, ಹಿಗ್ಗಿದ ಟೇಪು ದೂರವನ್ನ ಕಡಿಮೆ ತೋರಿಸುತ್ತೆ. ಹಾಗಾದ್ರೆ ನಿಮ್ಮ ಕಲ್ಲು ಇನ್ನೂ ದೂರ ಹಾರಿರಬೇಕಲ್ಲ?"

ವಕೀಲರು ಕುಳಿತರು. ನಾನು ಪರಪ್ಪನ ಮುಖವನ್ನೇ ನೋಡುತ್ತಿದ್ದೆ. ಅದು ಬಿಳಿಚಿಕೊಳ್ಳುವುದನ್ನು ಕಣ್ತುಂಬ ನೋಡಿದೆ. ನನಗೆ ಕನಿಕರ ಬರಲಿಲ್ಲ.

ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ತೀರ್ಪಿನ ಕೊನೆಯಲ್ಲಿ ನನ್ನ ಬಗ್ಗೆಯೂ ಒಂದು ಸಾಲಿತ್ತು: ಬೆಲೆಯಿಲ್ಲದ ವಸ್ತು, ಮೇಲ್ಮನವಿ ಮುಗಿದ ಬಳಿಕ ನಾಶಪಡಿಸತಕ್ಕದ್ದು.

ಈಗ ನಾನು ಕೋರ್ಟಿನ ಕತ್ತಲೆ ಕೋಣೆಯಲ್ಲಿ ಒಂದು ಚೀಲದೊಳಗಿದ್ದೇನೆ. ಮೊನ್ನೆ ಇಲ್ಲಿಯ ಗುಮಾಸ್ತೆ ಚೀಲಕ್ಕೆ ಎರಡು ನುಸಿಗುಳಿಗೆ ಹಾಕಿ ಹೋದಳು, ಪಾಪ. ಪರಪ್ಪ ಮೇಲಿನ ಕೋರ್ಟಿಗೆ ಹೋಗಿದ್ದಾನಂತೆ. ವಯಸ್ಸಾದ ಮೇಲೆ ಹಗೆ ಬಿಡಬೇಕು ಎನ್ನುತ್ತಾರೆ. ನನ್ನ ಅಂಕಿಗಳು ಮಾಸುತ್ತಿವೆ, ಹಗೆ ಮಾಸಿಲ್ಲ. ಅವನ ಮನವಿ ಮುಗಿದ ದಿನ ನನ್ನನ್ನು ಹಿತ್ತಲಿಗೆ ಒಯ್ದು ಸುಡುತ್ತಾರೆ. ಸುಡಲಿ. ಕಡ್ಡಿ ಗೀರುವ ಮುಂಚೆ, ಅವನು ಜೈಲಿನೊಳಗೇ ಉಳಿದನೆಂದು ಯಾರಾದರೂ ಒಮ್ಮೆ ಗಟ್ಟಿಯಾಗಿ ಹೇಳಿದರೆ ಸಾಕು.