ಮೂಗು ಹತ್ತಿಳಿದ ಟೇಪು

ಆ ದಿನ ಬೆಳಿಗ್ಗೆ ಮಂಜು ಬೀದಿಯನ್ನೇ ನುಂಗಿ ಕೂತಿತ್ತು. ಎಂಟರ ಹೊತ್ತಿಗೆ ಕರಗಿತು. ಎದುರುಮನೆಯ ಗೇಟು, ಕಂಬ, ಕಂಬದ ಮೇಲಿನ ಕಾಗೆ ಎಲ್ಲವೂ ಬೆಳಕಿಗೆ ಬಂದವು. ಆದರೆ ಟೈಲರಮ್ಮನ ಗಂಡನಿಗೆ ಇದ್ದೊಂದು ಕಂಬ ಎರಡಾಗಿ ಕಾಣುತ್ತಿತ್ತು.

ಅವನು ಬಸ್ ಡ್ರೈವರ್. ಹನ್ನೊಂದಕ್ಕೆ ಡಿಪೋದಲ್ಲಿ ಕಣ್ಣಿನ ಪರೀಕ್ಷೆ. ಫೇಲಾದರೆ ಕೆಲಸ ಹೋದಂತೆಯೇ.

"ಹೊಸ ಕನ್ನಡಕ ಅಲ್ವಾ, ಕಣ್ಣಿಗೆ ಒಗ್ಗಬೇಕು ಕಣ್ರೀ," ಎಂದಳು ಟೈಲರಮ್ಮ.

"ನಾಲ್ಕು ದಿನದಿಂದ ಒಗ್ಗಿಸ್ತಾನೇ ಇದೀನಿ, ತಲೆ ಸಿಡೀತಿದೆ! ಅರ್ಧ ರೇಟು ಅಂತ ಕುಣಿದವಳು ನೀನೇ."

ಮಾತು ಸುಳ್ಳಲ್ಲ. ಕಳೆದ ವಾರ ಬೀದಿ ತಿರುವಿನ ಕನ್ನಡಕದಂಗಡಿಯಲ್ಲಿ ಗಂಡನ ಕಣ್ಣನ್ನು ಪುಕ್ಕಟೆ ತೋರಿಸಿ, ನಂಬರಿನ ಚೀಟಿ ಪಡೆದು, "ಯೋಚನೆ ಮಾಡ್ತೀವಿ ಅಣ್ಣಾ" ಎಂದು ಬಂದವಳು ಮೊಬೈಲಿನಲ್ಲಿ ಆರ್ಡರ್ ಹಾಕಿದ್ದಳು.

ಈಗ ಬೇರೆ ದಾರಿಯಿಲ್ಲದೆ ಇಬ್ಬರೂ ಅದೇ ಅಂಗಡಿಯ ಮೆಟ್ಟಿಲು ಹತ್ತಿದರು. ಅವಳಿಗೆ ತಲೆ ಎತ್ತಲಾಗಲಿಲ್ಲ. ಅಂಗಡಿಯ ಹಿರಿಯರು ಕನ್ನಡಕವನ್ನು ತಿರುಗಿಸಿ ನೋಡಿದರು.

"ನಂಬರು ಸರಿ ಇದೆ. ಎರಡು ಕಣ್ಣಿನ ನಡುವಿನ ಅಂತರ ಯಾರು ಅಳೆದದ್ದು?"

"ನಾನೇ. ಇಪ್ಪತ್ತು ವರ್ಷದಿಂದ ಅಳತೆ ತಗೊಳ್ಳೋ ಕೈ ಇದು."

"ಯಾವುದರಲ್ಲಿ?"

ಅವಳು ಕೊರಳಲ್ಲಿ ನೇತಾಡುತ್ತಿದ್ದ ಬಟ್ಟೆಯ ಟೇಪನ್ನು ಮುಟ್ಟಿದಳು.

"ಅಯ್ಯೋ ತಾಯಿ, ಟೇಪು ಮೂಗು ಹತ್ತಿ ಇಳಿದಿದೆ! ಸೊಂಟಕ್ಕಾದ್ರೆ ಸುತ್ತಿ ಅಳೀಬೇಕು, ಕಣ್ಣಿಗೆ ನೇರ ಅಳೀಬೇಕು. ನಿಮ್ಮ ಯಜಮಾನರ ಮೂಗೂ ಸಣ್ಣದಲ್ಲ."

ಗಂಡ ನಗಲಿಲ್ಲ. ಗಡಿಯಾರ ನೋಡಿದ. ಒಂಬತ್ತೂವರೆ.

"ಆನ್‌ಲೈನಿನವರು ಮೋಸ ಮಾಡಿದ್ರು," ಎಂದಳು ಅವಳು.

"ಇಲ್ಲಮ್ಮ, ನೀವು ಕೊಟ್ಟ ಅಳತೆಗೇ ಮಾಡಿದ್ದಾರೆ. ಕಡಿಮೆ ಬೆಲೆಗೆ ಮಾರೋದೂ ತಪ್ಪಲ್ಲ. ಆದ್ರೆ ಕಣ್ಣು ನೋಡೋ ಖರ್ಚು ನಂದು, ಮಾರಾಟ ಅವರದು ಅಂದ್ರೆ ಅದು ಸಮನಾದ ಓಟವಾ? ಒಬ್ಬನ ತಲೆ ಮೇಲೆ ಮೂಟೆ, ಇನ್ನೊಬ್ಬ ಬರಿಗೈ."

ಟೈಲರಮ್ಮನಿಗೆ ತನ್ನದೇ ಹೊಲಿಗೆ ಕೆಲಸ ನೆನಪಾಯಿತು. ತನ್ನ ಕೈಯಲ್ಲೇ ಅಳತೆ ಬರೆಸಿಕೊಂಡು ಹೋಗಿ ಫೋನಿನಲ್ಲಿ ರೆಡಿಮೇಡ್ ತರಿಸಿದ ಗಿರಾಕಿಗಳಿಗೆ ಅವಳೇ ಎಷ್ಟು ಶಾಪ ಹಾಕಿದ್ದಳು!

"ನಂದೂ ತಪ್ಪಿದೆ," ಎಂದರು ಹಿರಿಯರು, ಗಂಡನ ಕಣ್ಣಿನ ಅಂತರವನ್ನು ನೇರವಾಗಿ ಅಳೆದು, ಹೊಸ ಗಾಜನ್ನು ಯಂತ್ರಕ್ಕೆ ಹಿಡಿಯುತ್ತ. "ಪರೀಕ್ಷೆ ಪುಕ್ಕಟೆ ಅಂತ ಬೋರ್ಡು ಹಾಕಿ, ಅದರ ಖರ್ಚನ್ನ ಕನ್ನಡಕದ ಬೆಲೆಲಿ ಬಚ್ಚಿಟ್ಟಿದ್ದೆ. ನಿಮಗೆ ದುಬಾರಿ ಅನ್ನಿಸದೆ ಇನ್ನೇನು? ಇವತ್ತಿಂದ ಪರೀಕ್ಷೆಗೆ ಒಂದು ಬೆಲೆ, ಕನ್ನಡಕಕ್ಕೆ ಒಂದು. ಚೀಟಿಲಿ ಅಂತರಾನೂ ಬರೆದುಕೊಡ್ತೀನಿ. ಆಮೇಲೆ ಎಲ್ಲಿ ಬೇಕಾದ್ರೂ ಕೊಳ್ಳಿ."

ಹತ್ತೂಕಾಲಿಗೆ ಕನ್ನಡಕ ಸಿದ್ಧವಾಯಿತು. ಗಂಡ ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿ, ಡಿಪೋಗೆ ಓಡಿದ. ಟೈಲರಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ದೇವರನ್ನು ನೆನೆದಳು. ಹನ್ನೊಂದೂವರೆಗೆ ಫೋನು ಬಂತು: "ಪಾಸು ಕಣೇ!"

ಬಂಧುಗಳೇ, ಅಂಗಡಿಯಲ್ಲಿ ಕೊಳ್ಳಿ, ಆನ್‌ಲೈನಿನಲ್ಲಿ ಕೊಳ್ಳಿ, ಆಯ್ಕೆ ನಿಮ್ಮದು. ಆದರೆ ಬೆಲೆ ಹೋಲಿಸುವಾಗ ಅದರಲ್ಲಿ ಯಾವ ಸೇವೆ ಸೇರಿದೆ ಎಂದು ಕೇಳಿ. ಬಿಲ್ ಪಡೆಯಿರಿ, ವಾಪಸಾತಿಯ ನಿಯಮ ಓದಿ. ಒಬ್ಬರ ದುಡಿಮೆಯನ್ನು ಪುಕ್ಕಟೆ ಬಳಸಿ ಇನ್ನೊಬ್ಬರಿಗೆ ದುಡ್ಡು ಕೊಡಬೇಡಿ. ತಕ್ಕಡಿಯ ಎರಡೂ ತಟ್ಟೆಯನ್ನು ನೋಡುವವನು ಮೇಲೊಬ್ಬನಿದ್ದಾನೆ.

ಟೈಲರಮ್ಮ ಕನ್ನಡಕದ ಬೆಲೆ ಕೊಟ್ಟ ಮೇಲೂ ಹೊರಡಲಿಲ್ಲ. ಕಳೆದ ವಾರದ ಪರೀಕ್ಷೆಯ ಹಣವನ್ನು ಬೇರೆಯಾಗಿ ಎಣಿಸಿ ಹಿರಿಯರ ಕೈಗಿಟ್ಟಳು.