ಬಂಗಾರದ ಕಾಗದ ಸುತ್ತಿದ ತೆಂಗಿನಕಾಯಿ

ಮಂಕಿಯ ಮೀನುಗಾರರ ಸಂಘದ ಚುನಾವಣೆಗೆ ಭಾಸ್ಕರ ಬರುವಾಗಲೇ ಅವನ ಚೀಲದಲ್ಲಿ ಎಲ್ಲರಿಗೂ ಕಾಣುವಂತೆ ಬಂಗಾರದ ಕಾಗದ ಸುತ್ತಿದ ತೆಂಗಿನಕಾಯಿ ಇತ್ತು. ನಾಳೆ ನೂಲ ಹುಣ್ಣಿಮೆ. ಸಮುದ್ರಕ್ಕೆ ಮೊದಲ ಕಾಯಿ ಬಿಡುವುದು ಸಂಘದ ಅಧ್ಯಕ್ಷ. ಬೋಟು ಕೊಂಡಂದಿನಿಂದ ಭಾಸ್ಕರನಿಗೆ ಅದೊಂದೇ ಆಸೆ, ಈ ಸಲ ಅನುಮಾನವೂ ಇರಲಿಲ್ಲ. ಬೋಟಿಲ್ಲದೆ ಸಣ್ಣ ಪಾತಿದೋಣಿಯಲ್ಲೇ ಮೀನು ಹಿಡಿಯುವವರ ಕೇರಿಗೂ ಹೋಗಿ ಮತ ಕೇಳು ಎಂದವರಿಗೆ, "ಅವ್ರ ನಾಕು ಓಟು ಇಲ್ದೇ ಇದ್ರೆ ನಂಗೆ ಎಂತ ಆಗ್ತದ್ಯೋ?" ಎಂದು ನಕ್ಕಿದ್ದ. ಮೀನು ಪೇಟೆ ಮುಟ್ಟುವ ಮೊದಲೇ ಆ ಮಾತು ಕೇರಿ ಮುಟ್ಟಿತ್ತು.

ಎಣಿಕೆ ಮುಗಿಯಿತು. ಭಾಸ್ಕರನಿಗೆ ಹದಿನಾಲ್ಕು, ಮಾದೇವನಿಗೆ ಹತ್ತು, ಪಾತಿದೋಣಿಯವರ ಕಡೆಯ ಜಟ್ಟನಿಗೆ ಏಳು. ಭಾಸ್ಕರ ಹಾರಕ್ಕೆ ಕತ್ತು ಬಗ್ಗಿಸಿಯೇ ಬಿಟ್ಟ.

"ತಡೀರಿ ಭಾಸ್ಕರಣ್ಣ," ಎಂದಳು ಚುನಾವಣೆ ನಡೆಸಲು ಬಂದಿದ್ದ ಅಧಿಕಾರಿ ಮಾಲಿನಿ. "ಎಲ್ಲರಿಗಿಂತ ಹೆಚ್ಚು ಮತ ನಿಮಗೇ ಬಂದದ್ದು ಹೌದು. ಆದರೆ ಬಹುಮತ ಬಂದಿಲ್ಲ."

"ಎಂತದು ಮೇಡಂ? ಎರಡೂ ಒಂದೇ ಅಲ್ದಾ?"

"ಅಲ್ಲ. ಬಹುಮತ ಅಂದ್ರೆ ಅರ್ಧಕ್ಕಿಂತ ಹೆಚ್ಚು. ನೀವು ಬೇಕು ಅಂದವರು ಹದಿನಾಲ್ಕು, ಬೇರೆಯವರು ಬೇಕು ಅಂದವರು ಹದಿನೇಳು. ನಿಮ್ಮ ಸಂಘದ ನಿಯಮದಂತೆ ಅಧ್ಯಕ್ಷನಿಗೆ ಬಹುಮತ ಬೇಕು. ಜಟ್ಟಣ್ಣನ್ನ ಬಿಟ್ಟು, ನಿಮ್ಮಿಬ್ಬರಿಗೆ ಇನ್ನೊಮ್ಮೆ ಓಟು."

ಭಾಸ್ಕರ ಜಗ್ಗಲಿಲ್ಲ. ಬೇಕಾದದ್ದು ಇನ್ನೆರಡು ಓಟು. ಏಳರಲ್ಲಿ ಎರಡು ಬಾರದೆ ಎಲ್ಲಿ ಹೋಗುತ್ತವೆ? ಚಹಾ ಕುಡಿಯುವ ಹೊತ್ತಿನಲ್ಲಿ ಮಾದೇವ ಎದ್ದುಹೋಗಿ ಜಟ್ಟನ ಪಕ್ಕ ಕುಳಿತ. ಭಾಸ್ಕರ ಕುಳಿತಲ್ಲೇ ನಾಳೆ ಬೋಟಿಗೆ ಕಟ್ಟಿಸುವ ಹೂವಿನ ಸುದ್ದಿ ಹೇಳುತ್ತಿದ್ದ.

ಎರಡನೇ ಎಣಿಕೆ ಮುಗಿಯಿತು. ಭಾಸ್ಕರನಿಗೆ ಅದೇ ಹದಿನಾಲ್ಕು. ಮಾದೇವನಿಗೆ ಹದಿನೇಳು.

ಗೆದ್ದ ಮಾದೇವನೇ ಕಂಗಾಲು. ಗೆಲ್ಲುವ ನಂಬಿಕೆಯೇ ಇಲ್ಲದವನು ಬಂಗಾರದ ಕಾಗದ ಸುತ್ತಿದ ಕಾಯಿ ಎಲ್ಲಿಂದ ತರಬೇಕು? "ನಾಳೆಗೆ ಕಾಯಿ?" ಎಂದು ಯಾರೋ ಕೇಳಿದ್ದೇ ತಡ, ಎಲ್ಲರ ಕಣ್ಣೂ ಭಾಸ್ಕರನ ಚೀಲದ ಮೇಲೆ ಬಿತ್ತು. ಅವನಿಗೆ ಹೊಟ್ಟೆ ಉರಿಯಿತು, ನಾಚಿಕೆಯೂ ಆಯಿತು. ಕೊನೆಗೆ ಕಾಯಿ ತೆಗೆದು ಮಾದೇವನ ಕೈಗಿಟ್ಟ.

"ತಗಾ. ಕಾಗದ ಹರೀಬೇಡ ಮಾರಾಯ, ಕುಮಟೆಗೆ ಹೋಗಿ ಸುತ್ತಿಸ್ಕಂಡು ಬಂದದ್ದು."

ಬಾಗಿಲ ತನಕ ಹೋದವನು ತಿರುಗಿ ನಿಂತ. "ಜಟ್ಟಣ್ಣ, ನಾಡಿದ್ದು ನಿಮ್ಮ ಕೇರಿಗೆ ಬರ್ತೆ. ಚಾ ಇಡು."

"ಮುಂದಿನ ಚುನಾವಣೆಗೆ ಈಗ್ಲೇ?"

"ಈಗ್ಲೇ," ಎಂದ ಭಾಸ್ಕರ. "ಆ ಸಲ ಕಾಯಿ ಮಾತ್ರ ಓಟು ಎಣಿಸಿ ಆದ್ಮೇಲೇ ತರ್ತೆ."