ಎಂಬೆಸಿಯ ಟೈಪಿಸ್ಟು

ಬಾಂಬು ಪರೀಕ್ಷೆ ಮಾಡಿದ್ದು ಯಾವುದೋ ದೇಶ, ಬೆಳಗಿನಿಂದ ಬೊಬ್ಬೆ ಹೊಡೆಯುತ್ತಿರುವುದು ನಮ್ಮ ಟಿವಿ. ಅಣುಬಾಂಬಿನಿಂದ ಉಡುಪಿ ಕಡೆಯ ನಮ್ಮ ಶಿರ್ವ ಊರಿನವರಿಗೆ ಆಗಬೇಕಾದ್ದೇನು ಎಂದು ಕೇಳಬಹುದು. ನಮಗೆ ಉಂಟು. ಆ ದೇಶದ ಗಡಿಯಿಂದ ಎರಡು ಗಂಟೆ ದಾರಿಯ, ಪಕ್ಕದ ದೇಶದ ರಾಜಧಾನಿಯಲ್ಲಿ ನನ್ನ ಮಗಳು ಟೀನಾ ನರ್ಸು.

ಅದೇ ಊರಿನ ಒಂದು ಎಂಬೆಸಿಯಲ್ಲಿ ನಾನು ಮೂವತ್ತೊಂದು ವರ್ಷ ಟೈಪಿಸ್ಟಾಗಿದ್ದೆ. ಇಂಥ ಹೇಳಿಕೆಗಳನ್ನು ಟೈಪು ಮಾಡಿ ಮಾಡಿ ಬೆರಳು ಸವೆದಿವೆ. ಇವತ್ತು ಹತ್ತು ಗಂಟೆಗೆ ಟಿವಿಯಲ್ಲಿ ಮೂರು ಮಿತ್ರರಾಷ್ಟ್ರಗಳ ಹೇಳಿಕೆ ಶುರುವಾಯಿತು. ನಾನಿದ್ದ ಎಂಬೆಸಿಯ ದೇಶದವರು ಖಂಡಿಸಿದರು. ಇನ್ನೊಬ್ಬರಿಗೆ ತೀವ್ರ ಕಳವಳವಾಯಿತು. ಮೂರನೆಯವರಿಗೆ ಆ ದೇಶದಿಂದ ಪೆಟ್ರೋಲು ಬರಬೇಕು, ಹಾಗಾಗಿ ಅವರು ಬರೀ ಗಮನಿಸುತ್ತಿದ್ದಾರಂತೆ. ಕೊನೆಗೆ ಮೂವರೂ ಸೇರಿ, ನಾವು ಒಗ್ಗಟ್ಟಾಗಿದ್ದೇವೆ, ಆತಂಕಪಡುವ ಅಗತ್ಯವಿಲ್ಲ ಎಂದರು.

“ಆತಂಕ ಬೇಡ ಅಂತ ಹೇಳಿದ್ರಲ್ವಾ?” ಎಂದಳು ಹೆಂಡತಿ ಜೆರ್ಟ್ರೂಡ್, ಮಟ್ಟು ಗುಳ್ಳ ಬದನೆಕಾಯಿ ಹೆಚ್ಚುತ್ತಾ.

“ಹೇಳ್ತಾರೆ, ಅವರಿಗೆಂತ? ನಮ್ಮ ಎಂಬೆಸಿಯಲ್ಲಿ ಆ ಸಾಲು ಟೈಪು ಮಾಡಿಸಿದ ದಿನವೇ ಸಾಹೇಬರ ಹೆಂಡತಿ ಮಕ್ಕಳ ವಿಮಾನದ ಟಿಕೆಟಿನ ಪಟ್ಟಿಯನ್ನೂ ನನ್ನಿಂದಲೇ ಟೈಪು ಮಾಡಿಸಿದ್ದುಂಟು.”

ನಾನು ಅನ್ಸಾರ್‌ಗೆ ಫೋನು ಮಾಡಿದೆ. ಕಾಪುವಿನವನು, ಆ ಎಂಬೆಸಿಯಲ್ಲಿ ಈಗಲೂ ಡ್ರೈವರ್.

“ಎಂತ ಮಾರಾಯ, ಇವತ್ತು ಏರ್‌ಪೋರ್ಟಿಗೆ ಎಷ್ಟು ಟ್ರಿಪ್ಪು?”

“ನಾಲ್ಕಾಯ್ತು ಡೆನಿಸಣ್ಣ. ಮೇಡಮ್‌ಗಳು, ಮಕ್ಕಳು. ನಾಯಿಯನ್ನೂ ಕರ್ಕೊಂಡು ಹೋದ್ರು.”

ರಜೆಗೆ ಹೋಗುವಾಗ ಅವರು ನಾಯಿಯನ್ನು ಅನ್ಸಾರ್‌ನ ಹತ್ತಿರ ಬಿಟ್ಟು ಹೋಗುತ್ತಿದ್ದರು. ಈ ಸಲ ತಿರುಗಿ ಬರುವ ಲೆಕ್ಕವಿಲ್ಲ ಎಂದಾಯಿತು. ಜಗಲಿಗೆ ಹೋಗಿ ಟೀನಾಳಿಗೆ ಫೋನು ಮಾಡಿದೆ.

“ಇವತ್ತೇ ಹೊರಟು ಬಾ ಮಗಾ. ಮಂಗಳೂರಿಗೆ ಟಿಕೆಟು ಸಿಗದಿದ್ದರೆ ಮುಂಬೈಗೆ ಬಾ. ಎಂಬೆಸಿಯವರೆಲ್ಲ ಹೋಗ್ತಾ ಇದ್ದಾರೆ.”

“ಗೊತ್ತುಂಟು ಪಪ್ಪಾ. ನಮ್ಮ ಡಾಕ್ಟರುಗಳಲ್ಲಿ ಆ ದೇಶಗಳವರೂ ಹೋದ್ರು. ವಾರ್ಡಿನಲ್ಲಿ ಇಪ್ಪತ್ತೆರಡು ಮಕ್ಕಳು, ನರ್ಸುಗಳು ಇಬ್ಬರು. ನಾನೂ ಹೊರಟರೆ ಉಳಿಯುವುದು ಒಬ್ಬಳೇ.” ಅವಳ ದನಿ ನಿದ್ದೆಗೆಟ್ಟು ಒಡೆದಿತ್ತು. “ಮಮ್ಮಿಗೆ ಹೇಳ್ಬೇಡಿ.”

ಬೈಯಬೇಕೆಂದಿದ್ದೆ. ಸಿಟ್ಟು, ಹೆಮ್ಮೆ, ಹೆದರಿಕೆ ಎಲ್ಲ ಒಟ್ಟಿಗೇ ಬಂದವು. ಆಯ್ತು, ಊಟ ಮಾಡು ಎಂದಷ್ಟೇ ಹೇಳಿ ಫೋನಿಟ್ಟೆ.

ಒಳಗೆ ಬಂದಾಗ ಜೆರ್ಟ್ರೂಡ್ ಕತ್ತಿ ಹಿಡಿದೇ ನನ್ನ ಮುಖ ನೋಡಿದಳು. “ಎಂತ ಹೇಳಿದಳು?”

“ಆತಂಕಪಡುವ ಅಗತ್ಯವಿಲ್ಲ,” ಎಂದೆ.

ಅವಳು ಕತ್ತಿ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, ಗೋಡೆಯ ಮೊಳೆಯಲ್ಲಿದ್ದ ಜಪಮಾಲೆ ತೆಗೆದುಕೊಂಡು ಕುಳಿತಳು.